ಒಬ್ಬನೇ ದೇವರು, ಮೂರು ಕಲ್ಪನೆಗಳು

ನನ್ನ ಊರು ಸೂಳೆಕೆರೆಯ ಸಮೀಪದಲ್ಲಿದೆ. ಕಳೆದ ರಜೆಯಲ್ಲಿ ಇಬ್ಬರು ಸಹಪಾಠಿಗಳೊಡನೆ ಕೆರೆಯ ಏರಿಯ ಮೇಲೆ ಕುಳಿತಿದ್ದೆ. ಒಬ್ಬನು ಕ್ರೈಸ್ತ, ಮತ್ತೊಬ್ಬನು ಮುಸಲ್ಮಾನ. ಮಾತು ದೇವರ ಕಡೆಗೆ ಹೊರಳಿತು. ನಾನು ಸಿದ್ಧನ ತೂಬು, ಬಸವನ ತೂಬುಗಳ ಹೆಸರೆತ್ತಿ, “ತೂಬು ಎರಡಾದರೂ ನೀರು ಒಂದೇ ಅಲ್ಲವೆ?” ಎಂದೆ. ಇಬ್ಬರೂ ಒಪ್ಪಲಿಲ್ಲ. “ನಮ್ಮ ಮಾತು ಕೇಳುವ ಮೊದಲೇ ತೀರ್ಪು ಕೊಟ್ಟೆಯಲ್ಲಪ್ಪ!” ಎಂದನೊಬ್ಬ. ಆ ಮಾತು ಮನಸ್ಸಿಗೆ ನಾಟಿತು. ಅಂದಿನಿಂದ ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಮೂರು ಮತಗಳಲ್ಲಿ ಯೆಹೂದ್ಯ ಮತವೇ ಹಿರಿಯದು. ಅದರಂತೆ ದೇವರು ಒಬ್ಬನೇ, ಅವನಿಗೆ ವಿಗ್ರಹವಿಲ್ಲ. ಅವನು ಇಸ್ರಾಯೇಲ ಜನರೊಡನೆ ಒಡಂಬಡಿಕೆ ಮಾಡಿಕೊಂಡು ಧರ್ಮಶಾಸ್ತ್ರವನ್ನಿತ್ತನು. ನಾಲ್ಕು ಅಕ್ಷರಗಳ ಅವನ ನಾಮವನ್ನು ಭಕ್ತರು ಉಚ್ಚರಿಸುವುದಿಲ್ಲ. ಈ ಭಯಭಕ್ತಿಯಿಂದ ಕನ್ನಡ ನಾಡಿನ ಚರಿತ್ರೆಗೂ ಲಾಭವಾಗಿದೆ. ಟ್ಯುನೀಸಿಯದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು 1132ರ ಸುಮಾರಿನಿಂದ 1149ರವರೆಗೆ ಮಂಗಳೂರಿನಲ್ಲಿ ವ್ಯಾಪಾರ ಮಾಡಿದನು. ದೇವರ ನಾಮವಿರಬಹುದಾದ ಕಾಗದವನ್ನು ಹಾಳುಮಾಡಬಾರದೆಂದು ಕೈರೋದ ಫುಸ್ತಾತಿನ ಯೆಹೂದ್ಯ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ಹಳೆಯ ಬರಹಗಳನ್ನು ಹಾಕಿಡುತ್ತಿದ್ದುದರಿಂದಲೇ ಅವನ ಪತ್ರಗಳು ಉಳಿದು ಬಂದಿವೆ. ಅವುಗಳಲ್ಲಿ ಬಹಳಷ್ಟರ ಲಿಪಿ ಹೀಬ್ರೂ, ಭಾಷೆ ಅರಬ್ಬಿ. ಅಂಥ ಬರಹಗಳಲ್ಲಿ ಯೆಹೂದ್ಯರು ದೇವರನ್ನು ‘ಅಲ್ಲಾಹ್’ ಎಂದೇ ಕರೆದರು.

ಕ್ರೈಸ್ತರೂ ಅದೇ ದೇವರನ್ನು ನಂಬುವರು. ಹೀಬ್ರೂ ಗ್ರಂಥಗಳು ಅವರ ಹಳೆಯ ಒಡಂಬಡಿಕೆಯಲ್ಲಿ ಸೇರಿವೆ. ಆದರೆ ದೇವರು ಯೇಸುವಿನಲ್ಲಿ ಮನುಷ್ಯನಾದನೆಂಬುದು ಅವರ ವಿಶ್ವಾಸ. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವವೆಂದರೆ ಮೂವರು ದೇವರುಗಳಲ್ಲ, ಒಬ್ಬನೇ ದೇವರು. 325ರ ನೈಸಿಯ, 381ರ ಕಾನ್‌ಸ್ಟಾಂಟಿನೋಪಲ್ ಸಭೆಗಳು ಈ ತತ್ತ್ವಕ್ಕೆ ರೂಪ ಕೊಟ್ಟವು. ಪಾಪಿಯನ್ನು ಅರಸಿ ಬರುವ, ಸ್ವತಃ ನೋವುಂಡ ದೇವರಿವನು.

ಇಸ್ಲಾಂ ಏಕತ್ವವನ್ನು, ಎಂದರೆ ‘ತೌಹೀದ್’ ಅನ್ನು, ಎಲ್ಲಕ್ಕಿಂತ ಮೇಲಿಡುತ್ತದೆ. ದೇವರು ಹುಟ್ಟಿದವನಲ್ಲ, ಅವನಿಗೆ ಸಂತಾನವಿಲ್ಲ, ಸಮಾನರಿಲ್ಲ ಎಂಬುದೇ ಕುರ್‌ಆನಿನ 112ನೆಯ ಅಧ್ಯಾಯದ ಸಾರ. ಯೇಸು ಪೂಜ್ಯನಾದ ಪ್ರವಾದಿ, ದೇವಪುತ್ರನಲ್ಲ. ಹೀಗಿದ್ದರೂ ದೇವರ ನಾಮಗಳಲ್ಲಿ ಮೊದಲು ನೆನೆಯುವುದು ಕರುಣಾಮಯನೆಂಬ ಅರ್ಥದವನ್ನೇ.

12ನೆಯ ಶತಮಾನದ ಯೆಹೂದ್ಯ ಪಂಡಿತ ಮೈಮೊನಿಡೀಸನು ಮುಸಲ್ಮಾನರು ವಿಗ್ರಹಾರಾಧಕರಲ್ಲ, ಏಕದೇವನನ್ನೇ ಆರಾಧಿಸುವವರು ಎಂದು ಸ್ಪಷ್ಟವಾಗಿ ಬರೆದನು. ತ್ರಿತ್ವವನ್ನು ಮಾತ್ರ ಅವನು ಒಪ್ಪಲಿಲ್ಲ. ಸಾಮ್ಯವನ್ನು ಕಂಡು ಗೌರವಿಸಿದವನು ಭೇದವನ್ನು ಮುಚ್ಚಿಡಲಿಲ್ಲ.

ನನ್ನ ತೂಬಿನ ಉಪಮೆಯ ದೋಷ ಈಗ ತಿಳಿಯಿತು. ಮೂರು ಮತಗಳ ವಿವಾದ ತೂಬಿನದಲ್ಲ, ನೀರಿನ ಸ್ವರೂಪದ್ದು. “ಎಲ್ಲವೂ ಒಂದೇ” ಎಂದುಬಿಡುವುದು ಸುಲಭ; ಆದರೆ ಅದರಿಂದ ಯಾರ ನಂಬಿಕೆಯನ್ನೂ ಅರಿತಂತಾಗದು. ಮೂವರಿಗೂ ಕನ್ನಡದಲ್ಲಿ ‘ದೇವರು’ ಎಂಬ ಒಂದೇ ಮಾತಿದೆ. ಆ ಮಾತಿನಿಂದ ಸಂಭಾಷಣೆ ಆರಂಭವಾಗಲಿ, ಮುಗಿಯದಿರಲಿ. ಮುಂದಿನ ರಜೆಯಲ್ಲಿ ಏರಿಯ ಮೇಲೆ ಕುಳಿತಾಗ ನಾನು ಮೊದಲು ಗೆಳೆಯರ ಮಾತನ್ನು ಕೇಳುವೆನು.