ರೆಕ್ಕೆಯೊಳಗಿನ ಇಂಧನ ತೊಟ್ಟಿ: ಒಂದು ಸೋರಿಕೆಯ ನಿಜವಾದ ವೆಚ್ಚ

ಗುಣಮಟ್ಟಕ್ಕೆ ತಗಲುವ ವೆಚ್ಚವನ್ನು ಲೆಕ್ಕಶಾಸ್ತ್ರವು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸುತ್ತದೆ: ದೋಷ ಉಂಟಾಗದಂತೆ ನೋಡಿಕೊಳ್ಳುವ ತಡೆ ವೆಚ್ಚ, ದೋಷವನ್ನು ಪತ್ತೆ ಹಚ್ಚುವ ಪರೀಕ್ಷಾ ವೆಚ್ಚ ಹಾಗೂ ದೋಷ ಉಳಿದುಹೋದಾಗ ತೆರಬೇಕಾದ ವೈಫಲ್ಯ ವೆಚ್ಚ. ಮೊದಲನೆಯದರಲ್ಲಿ ಉಳಿಸಿದ ಹಣವನ್ನು ಮೂರನೆಯದರಲ್ಲಿ ಹಲವು ಪಟ್ಟು ತೆರಬೇಕಾಗುತ್ತದೆಂಬುದು ಉದ್ಯಮಿಗಳೆಲ್ಲರೂ ಬಲ್ಲ ಸಂಗತಿ. ಈ ತತ್ತ್ವವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಒಂದು ಪುಟ್ಟ ಕ್ಷೇತ್ರವಿದೆ. ಅದು ಅಮೆರಿಕದ ಹವ್ಯಾಸಿಗಳು ತಮ್ಮ ಮನೆಯ ಗ್ಯಾರೇಜುಗಳಲ್ಲಿ ಕಟ್ಟುವ ಲಘು ವಿಮಾನಗಳ ಫೈಬರ್‌ಗ್ಲಾಸ್ ಇಂಧನ ತೊಟ್ಟಿ.

ಗ್ಯಾರೇಜಿನಲ್ಲಿ ಹುಟ್ಟಿದ ವಿಮಾನ

ನಿರ್ಮಾಣದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಕಲಿಕೆ ಅಥವಾ ವಿನೋದಕ್ಕಾಗಿ ಮಾಡಿದ್ದಲ್ಲಿ, ಅಂತಹ ವಿಮಾನವನ್ನು ಪ್ರಾಯೋಗಿಕ ವರ್ಗದಲ್ಲಿ ನೋಂದಾಯಿಸಲು ಅಮೆರಿಕದ ನಿಯಮಗಳು ಅವಕಾಶ ನೀಡುತ್ತವೆ. ಈ ಹವ್ಯಾಸಕ್ಕೆ ಹೊಸ ತಿರುವು ನೀಡಿದವರು ವಿನ್ಯಾಸಕಾರ ಬರ್ಟ್ ರುಟಾನ್. 1975ರಲ್ಲಿ ಹಾರಿದ ಅವರ ವೇರಿಈಜ್ ಹಾಗೂ 1979ರಲ್ಲಿ ಹಾರಿದ ಲಾಂಗ್‌ಈಜ್ ವಿಮಾನಗಳಿಗೆ ದುಬಾರಿ ಅಚ್ಚುಗಳ ಅಗತ್ಯವಿರಲಿಲ್ಲ. ಕಾಯಿಸಿದ ತಂತಿಯಿಂದ ಫೋಮ್ ದಿಮ್ಮಿಯನ್ನು ರೆಕ್ಕೆಯ ಆಕಾರಕ್ಕೆ ಕತ್ತರಿಸಿ, ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಹಾಸಿ, ಎಪಾಕ್ಸಿ ರಾಳದಿಂದ ಗಟ್ಟಿಗೊಳಿಸಿದರೆ ಆಯಿತು. ಅಲ್ಪ ಬಂಡವಾಳದಿಂದ ವಿಮಾನ ಕಟ್ಟಬಹುದೆಂಬುದು ಇದರಿಂದ ಸಿದ್ಧವಾಯಿತು.

ಲಾಂಗ್‌ಈಜ್ ವಿಮಾನದಲ್ಲಿ ಇಂಧನಕ್ಕೆ ಪ್ರತ್ಯೇಕ ಡಬ್ಬಿಯಿಲ್ಲ. ರೆಕ್ಕೆಯು ಒಡಲನ್ನು ಸೇರುವಲ್ಲಿ ಎರಡೂ ಬದಿಗಳಲ್ಲಿರುವ ಅಗಲವಾದ ಭಾಗದ ಹೊರ ಕವಚವೇ ತೊಟ್ಟಿಯ ಗೋಡೆ. ಎರಡೂ ಬದಿ ಸೇರಿ ಅಲ್ಲಿ 52 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 197 ಲೀಟರ್ ಇಂಧನ ಹಿಡಿಯುತ್ತದೆ. ತೂಕ, ಸ್ಥಳ, ಹಣ ಮೂರೂ ಉಳಿತಾಯ. ಆದರೆ ತೊಟ್ಟಿಯನ್ನು ಕಳಚಿ ಬದಲಾಯಿಸುವ ಅವಕಾಶವಿಲ್ಲ. ಮೇಲಿನ ಕವಚವನ್ನು ಅಂಟಿಸಿ ಮುಚ್ಚಿದ ಕ್ಷಣದಿಂದ ಒಳಭಾಗ ಮತ್ತೆ ಕೈಗೆಟುಕುವುದಿಲ್ಲ.

ತಡೆ ವೆಚ್ಚ

ಆದ್ದರಿಂದ ಮುಚ್ಚುವ ಮುನ್ನ ವ್ಯಯಿಸುವ ಶ್ರಮವೇ ಅತ್ಯಂತ ಅಗ್ಗದ ಶ್ರಮ. ಮೊದಲನೆಯ ನಿರ್ಧಾರ ಸಾಮಗ್ರಿಯದು. ರೆಕ್ಕೆಗೆ ಬಳಸುವ ಪಾಲಿಸ್ಟೈರಿನ್ ಫೋಮ್ ಪೆಟ್ರೋಲಿನಲ್ಲಿ ಕರಗಿಹೋಗುವುದರಿಂದ ತೊಟ್ಟಿಯ ಭಾಗದಲ್ಲಿ ಪಿವಿಸಿ ಅಥವಾ ಪಾಲಿಯುರೆಥೇನ್ ಫೋಮ್ ಬೇಕು. ಎರಡನೆಯದು ಸೂಜಿಮೊನೆಯಷ್ಟು ಸಣ್ಣ ರಂಧ್ರಗಳ ನಿವಾರಣೆ. ರಾಳ ಕಡಿಮೆಯಾದ ನೇಯ್ಗೆಯಲ್ಲಿ ಇಂತಹ ರಂಧ್ರಗಳು ಕಣ್ಣಿಗೆ ಕಾಣದಂತೆ ಉಳಿಯುತ್ತವೆ. ನೀರು ದಾಟದ ರಂಧ್ರವನ್ನು ಪೆಟ್ರೋಲ್ ದಾಟಬಲ್ಲದು. ಒಳಗೋಡೆಗೆ ಕನಿಷ್ಠ ಎರಡು ಪದರ ಬಟ್ಟೆ ಹಾಸಿ, ಮೇಲೆ ಶುದ್ಧ ಎಪಾಕ್ಸಿಯ ಲೇಪನ ಕೊಡುವುದು ಇದಕ್ಕಾಗಿಯೇ.

ಮೂರನೆಯದು ಅಂಟಿನ ಜೋಡಣೆ. ಗಟ್ಟಿಯಾದ ಎಪಾಕ್ಸಿಯ ಹೊಳಪು ಹೋಗುವವರೆಗೂ ಒರಟು ಕಾಗದದಿಂದ ಉಜ್ಜದಿದ್ದಲ್ಲಿ ಹೊಸ ಪದರವು ಹಿಡಿಯುವುದಿಲ್ಲ. ಕೈಯ ಜಿಡ್ಡು ತಗುಲಿದರೂ ಸಾಕು, ಜೋಡಣೆ ಕೆಡುತ್ತದೆ. ಇದಲ್ಲದೆ ತೊಟ್ಟಿಯ ಅತಿ ತಗ್ಗಿನ ಜಾಗದಲ್ಲಿ ನೀರು ಹೊರಬಿಡುವ ಕವಾಟ, ನಿರ್ಗಮನದ ಬಾಯಿಗೆ ಜಾಲರಿ, ಗಾಳಿಯಾಡಲು ತೆರಪಿನ ಕೊಳವೆ ಇರಲೇಬೇಕು. ಗಾಜಿನ ನಾರು ವಿದ್ಯುತ್ ವಾಹಕವಲ್ಲವಾದ್ದರಿಂದ, ಇಂಧನ ತುಂಬುವ ಬಾಯಿಯ ಲೋಹದ ಬಳೆಯನ್ನು ತಂತಿಯ ಮೂಲಕ ವಿಮಾನದ ಇತರ ಲೋಹ ಭಾಗಗಳಿಗೆ ಜೋಡಿಸುವುದೂ ಅನಿವಾರ್ಯ. ಇಲ್ಲದಿದ್ದಲ್ಲಿ ಸ್ಥಾಯಿ ವಿದ್ಯುತ್ತಿನ ಒಂದು ಕಿಡಿಯೇ ಅನಾಹುತಕ್ಕೆ ಸಾಕಾದೀತು.

ಪರೀಕ್ಷಾ ವೆಚ್ಚ

ತೊಟ್ಟಿಯ ಪರೀಕ್ಷೆಗೆ ಬೇಕಾದುದು ನೀರು ತುಂಬಿದ ಒಂದು ಪಾರದರ್ಶಕ ಕೊಳವೆ ಹಾಗೂ ಸಾಬೂನಿನ ದ್ರಾವಣ ಮಾತ್ರ. ಒಳಗೆ ಅತ್ಯಲ್ಪ ಒತ್ತಡದ ಗಾಳಿ ತುಂಬಿ, ಕೊಳವೆಯ ನೀರಿನ ಮಟ್ಟ ಇಳಿಯುವುದೇ ಎಂದು ಗಮನಿಸಬೇಕು. ಇಲ್ಲಿ ಎರಡು ಎಚ್ಚರಿಕೆಗಳು ಮುಖ್ಯ. ಚದರ ಅಂಗುಲಕ್ಕೆ ಕೇವಲ 1 ಪೌಂಡ್ ಒತ್ತಡವೆಂದರೆ 1 ಚದರ ಮೀಟರ್ ಕವಚದ ಮೇಲೆ ಸುಮಾರು 700 ಕಿಲೋಗ್ರಾಂ ಭಾರ. ಕಾರ್ಖಾನೆಯ ಕಂಪ್ರೆಸರನ್ನು ನೇರವಾಗಿ ಜೋಡಿಸಿದಲ್ಲಿ ರೆಕ್ಕೆಯೇ ಬಿರಿಯುತ್ತದೆ. ಎರಡನೆಯದಾಗಿ, ಮುಚ್ಚಿದ ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಬದಲಾದರೆ ನೀರಿನ ಮಟ್ಟದಲ್ಲಿ ಸುಮಾರು 35 ಮಿಲಿಮೀಟರ್ ವ್ಯತ್ಯಾಸ ಉಂಟಾಗಬಲ್ಲದು. ಬಿಸಿಲೇರಿದಾಗ ಸೋರುವ ತೊಟ್ಟಿಯೂ ಭದ್ರವೆಂದು ತೋರೀತು. ಸಂಜೆ ತಂಪಾದಾಗ ಭದ್ರ ತೊಟ್ಟಿಯೂ ಸೋರುವಂತೆ ಕಂಡೀತು. ಉಷ್ಣತೆ ದಾಖಲಿಸದ ಪರೀಕ್ಷೆಯು ವೋಚರ್ ಇಲ್ಲದ ಜಮಾ-ಖರ್ಚಿನಂತೆ ವಿಶ್ವಾಸಾರ್ಹವಲ್ಲ.

ವೈಫಲ್ಯ ವೆಚ್ಚ

ಸೋರಿಕೆ ಉಳಿದುಹೋದರೆ ಬಣ್ಣದ ಮೇಲೆ ಗುಳ್ಳೆಗಳೇಳುತ್ತವೆ, ಇಲ್ಲವೇ ವಿಮಾನ ಇಂಧನಕ್ಕೆ ಬೆರೆಸಿರುವ ನೀಲಿ ವರ್ಣದ ಕಲೆ ಮೂಡುತ್ತದೆ. ಆದರೆ ಕಲೆ ಕಂಡ ಜಾಗವೇ ರಂಧ್ರದ ಜಾಗವಲ್ಲ. ಇಂಧನವು ಪದರಗಳ ನಡುವೆ ದೂರ ಹರಿದು ಬೇರೆಡೆ ಹೊರಬಂದಿರುತ್ತದೆ. ಹೊರಗಿನಿಂದ ತೇಪೆ ಹಾಕಿದರೆ ಸೋರಿಕೆ ತನ್ನ ದಾರಿಯನ್ನು ಬದಲಿಸುತ್ತದೆಯೇ ಹೊರತು ನಿಲ್ಲುವುದಿಲ್ಲ.

ಸರಿಯಾದ ದುರಸ್ತಿಗೆ ಮೊದಲು ತೊಟ್ಟಿಯನ್ನು ಬರಿದು ಮಾಡಿ, ಆವಿ ಪೂರ್ಣ ಹೋಗುವವರೆಗೆ ಗಾಳಿಯಾಡಿಸಬೇಕು. ತುಂಬಿದ ತೊಟ್ಟಿಗಿಂತ ಆವಿ ಉಳಿದ ಖಾಲಿ ತೊಟ್ಟಿ ಹೆಚ್ಚು ಅಪಾಯಕಾರಿ. ಅದರ ಬಳಿ ಕಿಡಿ ಹಾರುವ ವಿದ್ಯುತ್ ಉಪಕರಣ ಸಲ್ಲದು. ರಂಧ್ರ ಸಣ್ಣದಾಗಿದ್ದಲ್ಲಿ, ತೊಟ್ಟಿಯೊಳಗಿನ ಗಾಳಿಯನ್ನು ತುಸು ಹೀರಿ, ಹೊರಗೆ ಹಚ್ಚಿದ ತೆಳು ಎಪಾಕ್ಸಿ ಒಳಸೇರುವಂತೆ ಮಾಡುವ ಉಪಾಯವಿದೆ. ದೋಷ ದೊಡ್ಡದಾದರೆ ಕವಚವನ್ನು ಕತ್ತರಿಸಿ ತೆರೆದು, ಇಂಧನದಲ್ಲಿ ನೆನೆದ ಭಾಗವನ್ನು ತೆಗೆದು, ಅಂಚುಗಳನ್ನು ಇಳಿಜಾರಾಗಿ ಉಜ್ಜಿ, ಒಳಗಿನಿಂದ ಹೊಸ ಪದರ ಹಾಸದೆ ಗತ್ಯಂತರವಿಲ್ಲ. ದ್ರವರೂಪದ ಸೀಲರನ್ನು ಒಳಗೆ ಸುರಿದು ಅಲುಗಾಡಿಸುವ ಸುಲಭ ಮಾರ್ಗ ಎಷ್ಟೋ ಬಾರಿ ದುಬಾರಿಯಾಗಿದೆ. ಅದು ಕಾಲಕ್ರಮೇಣ ಸಿಪ್ಪೆಯಂತೆ ಕಳಚಿ ಜಾಲರಿಯನ್ನು ಮುಚ್ಚಿ, ಎಂಜಿನ್ನಿಗೆ ಇಂಧನವೇ ದೊರೆಯದಂತೆ ಮಾಡಬಲ್ಲದು.

ನಕ್ಷೆಯಿಂದ ದೂರ ಸರಿದುದರ ಬೆಲೆಗೆ ನಿದರ್ಶನವೊಂದು ಸಾರ್ವಜನಿಕ ದಾಖಲೆಯಲ್ಲಿದೆ. 1997ರ ಅಕ್ಟೋಬರ್ 12ರಂದು ಪ್ರಸಿದ್ಧ ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ತಮ್ಮ ಲಾಂಗ್‌ಈಜ್ ಪತನಗೊಂಡು ಮೃತರಾದರು. ಅವರ ತೊಟ್ಟಿ ಸೋರಿರಲಿಲ್ಲ. ಆದರೆ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಬದಲಾಯಿಸುವ ಕವಾಟವನ್ನು ವಿಮಾನ ಕಟ್ಟಿದವರು ನಕ್ಷೆಯಲ್ಲಿದ್ದ ಸ್ಥಳದ ಬದಲು ಚಾಲಕನ ಎಡ ಭುಜದ ಹಿಂದೆ ಅಳವಡಿಸಿದ್ದರು. ಇಂಧನ ಮಾಪಕಗಳಿಗೆ ಗುರುತುಗಳಿರಲಿಲ್ಲ. ಹಾರಾಟಕ್ಕೆ ಮುನ್ನ ಸಾಕಷ್ಟು ಇಂಧನ ನೋಡಿಕೊಳ್ಳದಿದ್ದುದರ ಜೊತೆಗೆ ಇವನ್ನೂ ತನಿಖಾ ಮಂಡಳಿ ಕಾರಣಗಳಲ್ಲಿ ಎಣಿಸಿತು. ಡೆನ್ವರ್ ಆ ವಿಮಾನವನ್ನು ಕಟ್ಟಿದವರಲ್ಲ, ಕೊಂಡವರು. ತಯಾರಕನ ಲೋಪದ ಬೆಲೆಯನ್ನು ಬಹುತೇಕ ತೆರುವವನು ಗ್ರಾಹಕನೇ.

ಎಥನಾಲ್ ತಂದ ಹೊಸ ಪ್ರಶ್ನೆ

ಕಟ್ಟಿದ ದಿನ ಸರಿಯಾಗಿದ್ದ ತೊಟ್ಟಿಯೂ ಇಂಧನ ಬದಲಾದಾಗ ಕೆಡಬಹುದು. 2000ದ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಈಶಾನ್ಯ ಕರಾವಳಿಯಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸತೊಡಗಿದಾಗ, ಹಳೆಯ ದೋಣಿಗಳ ಫೈಬರ್‌ಗ್ಲಾಸ್ ತೊಟ್ಟಿಗಳ ರಾಳ ಕರಗಿ ಎಂಜಿನ್ ಕವಾಟಗಳಿಗೆ ಅಂಟಿಕೊಂಡ ಪ್ರಕರಣಗಳು ವರದಿಯಾದವು. ಎಥನಾಲ್ ಸೇರಿದ ಇಂಧನಕ್ಕೆ ಎಂಜಿನ್ ತಯಾರಕರು ಒಪ್ಪಿಗೆ ನೀಡಿದ್ದರೂ ತೊಟ್ಟಿಯ ರಾಳ ಅದನ್ನು ತಾಳೀತೆಂಬ ಭರವಸೆಯಿಲ್ಲ. ಈ ದೃಷ್ಟಿಯಿಂದ ವಿನೈಲ್‌ಎಸ್ಟರ್‌ನಂತಹ ರಾಸಾಯನಿಕ ನಿರೋಧಕ ರಾಳಗಳಿಗೆ ಮಹತ್ವ ಬಂದಿದೆ.

ಭಾರತದಲ್ಲಿಯೂ ಪೆಟ್ರೋಲಿನ ಎಥನಾಲ್ ಪ್ರಮಾಣ 2022ರಲ್ಲಿ ಶೇ. 10 ಹಾಗೂ 2025ರಲ್ಲಿ ಶೇ. 20ರ ಮಟ್ಟ ಮುಟ್ಟಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಗಾಜಿನ ನಾರಿನ ಹಂಸ ತರಬೇತಿ ವಿಮಾನ 1993ರಲ್ಲೇ ಹಾರಿದ ನಾಡಿದು. ಇಲ್ಲಿ ಫೈಬರ್‌ಗ್ಲಾಸ್ ತೊಟ್ಟಿ, ಕೊಳವೆಗಳನ್ನು ತಯಾರಿಸುವ ಸಣ್ಣ ಉದ್ಯಮಗಳು ತಾವು ಬಳಸುವ ರಾಳ ಯಾವ ದ್ರವವನ್ನು ಎಷ್ಟು ಕಾಲ ತಾಳಬಲ್ಲದೆಂಬುದಕ್ಕೆ ಲಿಖಿತ ದಾಖಲೆ ಇಟ್ಟುಕೊಳ್ಳುವುದು ಒಳಿತು. ಮುಚ್ಚಿದ ತೊಟ್ಟಿಯ ಒಳಗನ್ನು ಗ್ರಾಹಕ ನೋಡಲಾರ. ಅವನು ಕೊಳ್ಳುವುದು ತಯಾರಕನ ದಾಖಲೆಯನ್ನು ಮತ್ತು ಮಾತನ್ನು. ಮುಚ್ಚಳ ಅಂಟಿಸುವ ಮುನ್ನ ಇನ್ನೊಮ್ಮೆ ಒಳಗಿಣುಕಿ ನೋಡಲು ತಗಲುವ ಅರ್ಧ ಗಂಟೆಯ ವೆಚ್ಚವನ್ನು ಯಾವ ಲೆಕ್ಕದಲ್ಲಿಯೂ ನಷ್ಟವೆಂದು ಬರೆಯಲಾಗದು.