ಕಡಲ ದಾರಿಯ ಅಡಚಣೆಯೂ ಕಾಫಿ ಬೆಳೆಗಾರರ ಲಾಭನಷ್ಟವೂ

ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಶೇಕಡಾ 70ರಷ್ಟು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳೇ ಅದರ ನೆಲೆ. ದೇಶದ ಬೆಳೆಯಲ್ಲಿ ಬಹುಭಾಗವು ಹೊರದೇಶಗಳಿಗೆ ರಫ್ತಾಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ದೇಶಗಳು ದೊಡ್ಡ ಗಿರಾಕಿಗಳಾಗಿರುತ್ತವೆ. ಮಂಗಳೂರಿನಲ್ಲಿಯೋ ಕೊಚ್ಚಿಯಲ್ಲಿಯೋ ಹಡಗನ್ನೇರುವ ಕಾಫಿಯು ಅರಬ್ಬೀ ಸಮುದ್ರವನ್ನು ದಾಟಿ, ಬಾಬ್ ಎಲ್ ಮಂದೆಬ್ ಎಂಬ ಜಲಸಂಧಿಯ ಮೂಲಕ ಕೆಂಪು ಸಮುದ್ರವನ್ನು ಹೊಕ್ಕು, ಸೂಯೆಜ್ ಕಾಲುವೆಯಿಂದ ಯೂರೋಪನ್ನು ಸೇರುವುದು ವಾಡಿಕೆ. ಈ ದಾರಿಯಲ್ಲಿ ವಿಘ್ನವೊದಗಿದರೆ ಅದರ ಪೆಟ್ಟು ಮಲೆನಾಡಿನ ಕಣದವರೆಗೂ ಬಂದು ಮುಟ್ಟುವುದು. ಆದುದರಿಂದ ಗ್ರಾಮದ ಮುಖಂಡರೂ ಭೂಮಾಲೀಕರೂ ಈ ವಿಷಯವನ್ನು ಅರಿತಿರುವುದು ಯುಕ್ತವು.

ಸೂಯೆಜ್ ಕಾಲುವೆಯು ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಹಾಯಿಹಡಗುಗಳು ಆಫ್ರಿಕದ ದಕ್ಷಿಣದ ಗುಡ್ ಹೋಪ್ ಭೂಶಿರವನ್ನು ಬಳಸಿಕೊಂಡು ಹಲವು ತಿಂಗಳ ಪ್ರಯಾಣ ಮಾಡುತ್ತಿದ್ದವು. ಹಡಗಿನ ಒಡಲಿನಲ್ಲಿ ಕಡಲಗಾಳಿಯ ತೇವವನ್ನು ಹೀರಿ ಕಾಫಿಬೀಜವು ಉಬ್ಬಿ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಯೂರೋಪಿನ ಕೆಲವರ ನಾಲಗೆಗೆ ಆ ರುಚಿಯೇ ಒಗ್ಗಿತು. ಕಾಲುವೆಯೂ ಹಬೆಯ ಹಡಗೂ ಬಂದು ಪ್ರಯಾಣವು ಮೊಟಕಾಗಲು ಆ ರುಚಿಯು ತಪ್ಪಿತು. ಅದನ್ನು ಮರಳಿ ಪಡೆಯಲು ಪಶ್ಚಿಮ ಕರಾವಳಿಯ ಉಗ್ರಾಣಗಳಲ್ಲಿ ಕಾಫಿಯನ್ನು ಮುಂಗಾರಿನ ಗಾಳಿಗೆ ಹರಡಿ ಹದಮಾಡುವ ಪದ್ಧತಿಯು ರೂಢಿಗೆ ಬಂದಿತು. ಮಾನ್ಸೂನ್ಡ್ ಮಲಬಾರ್ ಎಂದು ಪ್ರಸಿದ್ಧವಾದ ಕಾಫಿಯು ಇದೇ.

ಈ ಕಾಲುವೆಯು ಎಂದಿಗೂ ನಿಶ್ಚಿಂತವಾದ ದಾರಿಯಾಗಿರಲಿಲ್ಲ. 1967ರ ಯುದ್ಧದಲ್ಲಿ ಮುಚ್ಚಿದುದು 1975ರವರೆಗೆ, ಅಂದರೆ ಎಂಟು ವರ್ಷ, ಮುಚ್ಚಿಯೇ ಇದ್ದಿತು. 2021ರ ಮಾರ್ಚ್ 23ರಂದು 400 ಮೀಟರ್ ಉದ್ದದ ಎವರ್ ಗಿವನ್ ಎಂಬ ಹಡಗು ಕಾಲುವೆಗೆ ಅಡ್ಡವಾಗಿ ಸಿಕ್ಕಿಕೊಂಡು ಆರು ದಿನಗಳ ಕಾಲ ಸಂಚಾರವನ್ನೇ ತಡೆಯಿತು. 2023ರ ನವೆಂಬರ್ 19ರಂದು ಯೆಮೆನಿನ ಹೌತಿ ಪಡೆಯವರು ಕೆಂಪು ಸಮುದ್ರದಲ್ಲಿ ಗ್ಯಾಲಕ್ಸಿ ಲೀಡರ್ ಎಂಬ ಹಡಗನ್ನು ಹಿಡಿದರು. ಅನಂತರ ಇತರ ಹಡಗುಗಳ ಮೇಲೂ ಕ್ಷಿಪಣಿಗಳ ದಾಳಿ ನಡೆಯಲು, ಡಿಸೆಂಬರಿನ ಮಧ್ಯದಿಂದ ದೊಡ್ಡ ಹಡಗು ಕಂಪನಿಗಳು ಆ ದಾರಿಯನ್ನು ಬಿಟ್ಟು ಪೂರ್ವಕಾಲದ ಗುಡ್ ಹೋಪ್ ದಾರಿಯನ್ನೇ ಹಿಡಿದವು.

ಇದರಿಂದ ಏಷ್ಯದಿಂದ ಉತ್ತರ ಯೂರೋಪಿನ ಪ್ರಯಾಣಕ್ಕೆ ಸುಮಾರು 3,500 ನಾವಿಕ ಮೈಲಿಗಳೂ 10ರಿಂದ 14 ದಿನಗಳೂ ಹೆಚ್ಚಾದವು. ದಿನ ಹೆಚ್ಚಿದರೆ ಎಣ್ಣೆಯ ಖರ್ಚು ಹೆಚ್ಚುವುದು. ಒಂದೇ ಹಡಗು ವರ್ಷದಲ್ಲಿ ಮಾಡುವ ಸುತ್ತುಗಳು ಕಡಮೆಯಾಗುವುವು. ಖಾಲಿ ಕಂಟೈನರುಗಳು ಬಂದರಿಗೆ ಹಿಂದಿರುಗುವುದು ತಡವಾಗುವುದು. ಶಾಂಘೈನಿಂದ ರಾಟರ್ಡ್ಯಾಮಿಗೆ ಹೋಗುವ ಕಂಟೈನರಿನ ಬಾಡಿಗೆಯು 2023ರ ನವೆಂಬರ್ ಕೊನೆಯಿಂದ ಎರಡೇ ತಿಂಗಳಲ್ಲಿ ಮೂರು ಪಟ್ಟಿಗೂ ಮೀರಿತು. ಅಪಾಯದ ದಾರಿಯಲ್ಲಿಯೇ ಹೋಗುವ ಹಡಗುಗಳಿಗೆ ಯುದ್ಧವಿಮೆಯ ಹಣವೂ ಏರಿತು.

ಬೆಳೆಗಾರನು ಇದರ ಲೆಕ್ಕವನ್ನು ತಾನೇ ಮಾಡಿ ನೋಡಬಹುದು. 20 ಅಡಿಯ ಒಂದು ಕಂಟೈನರಿನಲ್ಲಿ 60 ಕಿಲೋಗ್ರಾಮಿನ 320 ಮೂಟೆಗಳು, ಎಂದರೆ 19,200 ಕಿಲೋಗ್ರಾಂ ಕಾಫಿಯು ಹಿಡಿಯುತ್ತದೆ. ಬಾಡಿಗೆಯು 96,000 ರೂಪಾಯಿ ಹೆಚ್ಚಿತೆಂದು ಇಟ್ಟುಕೊಂಡರೆ ಕಿಲೋಗ್ರಾಮಿಗೆ 5 ರೂಪಾಯಿ ಬೀಳುವುದು. ಕಾಫಿಯ ಬೆಲೆ ಕಿಲೋಗ್ರಾಮಿಗೆ 300 ರೂಪಾಯಿ ಎಂದೂ ಬಡ್ಡಿಯು ವರ್ಷಕ್ಕೆ ಶೇಕಡಾ 10 ಎಂದೂ ಎಣಿಸಿದರೆ, ಸರಕಿನ ಹಣವು 15 ದಿನ ಹೆಚ್ಚಾಗಿ ಸಿಕ್ಕಿಕೊಂಡುದಕ್ಕೆ ಮತ್ತೆ ಒಂದೂಕಾಲು ರೂಪಾಯಿ ಕೂಡುವುದು. ಯೂರೋಪಿನ ಗಿರಾಕಿಗೆ ಬ್ರೆಜಿಲಿನ ಕಾಫಿಯೂ ದೊರೆಯುವುದರಿಂದ ಈ ಹೊರೆಯನ್ನು ಅವನು ಸುಲಭವಾಗಿ ಹೊರಲಾರನು. ಬ್ರೆಜಿಲಿನ ಹಡಗುಗಳಿಗೆ ಅಟ್ಲಾಂಟಿಕ್ ಸಾಗರದ ದಾರಿಯು ತೆರೆದೇ ಇರುತ್ತದೆ. ಕೊನೆಗೆ ರಫ್ತು ವ್ಯಾಪಾರಿಯು ತೋಟದಲ್ಲಿ ಕೊಡುವ ಬೆಲೆಯನ್ನೇ ಇಳಿಸುವನು.

2024ರಲ್ಲಿ ಈ ನಷ್ಟವು ಎಲ್ಲರ ಕಣ್ಣಿಗೆ ಬೀಳಲಿಲ್ಲ. ವಿಯಟ್ನಾಮಿನಲ್ಲಿಯೂ ಬ್ರೆಜಿಲಿನಲ್ಲಿಯೂ ಬರದಿಂದ ಬೆಳೆ ಕುಗ್ಗಿ, ಕಾಫಿಯ ಧಾರಣೆಯೇ ಬಹಳವಾಗಿ ಏರಿದುದು ಇದಕ್ಕೆ ಕಾರಣ. ಧಾರಣೆ ಇಳಿದ ವರ್ಷದಲ್ಲಿ ಇಂತಹ ವಿಘ್ನ ಬಂದರೆ ಸಾಲಮಾಡಿ ಕೊಯ್ಲಿನ ಕೂಲಿ ಕೊಟ್ಟ ಸಣ್ಣ ಬೆಳೆಗಾರನಿಗೆ ಉಸಿರಾಡಲು ಎಡೆಯಿರದು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆಗಳು ಕೈತಪ್ಪಿದಾಗ, 1942ರ ಕಾಯಿದೆಯಂತೆ ಎಲ್ಲರ ಬೆಳೆಯನ್ನೂ ಕಾಫಿ ಮಂಡಳಿಯು ಒಟ್ಟುಗೂಡಿಸಿ ಮಾರುತ್ತಿದ್ದಿತು. 1996ರಿಂದ ಬೆಳೆಗಾರನು ತನ್ನ ಬೆಳೆಯನ್ನು ಸ್ವತಂತ್ರವಾಗಿ ಮಾರಬಲ್ಲನು. ಸ್ವಾತಂತ್ರ್ಯದೊಡನೆ ಅಪಾಯವೂ ಅವನ ಪಾಲಿಗೇ ಬಂದಿದೆ.

ಆಮದಿನ ಕಡೆಯಲ್ಲಿಯೂ ಎಚ್ಚರಿಕೆ ಅವಶ್ಯ. ತೋಟಗಳಿಗೆ ಬೇಕಾದ ಪೊಟ್ಯಾಷ್ ಗೊಬ್ಬರವು ಹೆಚ್ಚುಕಡಮೆ ಪೂರ್ತಿಯಾಗಿ ಹೊರದೇಶದಿಂದಲೇ ಬರತಕ್ಕದ್ದು. ಜೋರ್ಡಾನ್ ದೇಶದ ಪೊಟ್ಯಾಷೂ ರಂಜಕದ ಕಲ್ಲೂ ಕೆಂಪು ಸಮುದ್ರದ ಅಕಾಬಾ ಬಂದರಿನಿಂದಲೇ ಹೊರಡುವುವು.

ಕಡಲಿನ ಕಲಹವನ್ನು ತಡೆಯುವುದು ರೈತನ ಕೈಯಲ್ಲಿಲ್ಲ; ಅದಕ್ಕೆ ಸಿದ್ಧನಾಗಿರುವುದು ಅವನ ಕೈಯಲ್ಲಿದೆ. ಮೊದಲನೆಯದಾಗಿ, ದೀರ್ಘ ಪ್ರಯಾಣದಲ್ಲಿ ಹಗಲು ಕಾದು ಇರುಳು ತಣಿಯುವ ಕಂಟೈನರಿನೊಳಗೆ ಹಬೆಯು ನೀರಾಗಿ ಮೂಟೆಗಳ ಮೇಲೆ ತೊಟ್ಟಿಕ್ಕುವುದರಿಂದ, ಅರೆಯೊಣಗಿದ ಕಾಫಿಗೆ ಬೂಷ್ಟು ಹಿಡಿಯುವುದು. ಪಾರ್ಚ್‌ಮೆಂಟ್ ಕಾಫಿಯನ್ನು ಶೇಕಡಾ 10, ರೋಬಸ್ಟ ಚೆರಿಯನ್ನು ಶೇಕಡಾ 11 ತೇವಕ್ಕೆ ಮೀರದಂತೆ ಒಣಗಿಸಿ, ಶುಚಿಯಾದ ಗೋಣಿಚೀಲಗಳಲ್ಲಿ ತುಂಬಿ, ನೆಲಕ್ಕೆ ತಾಕದಂತೆ ಹಲಗೆಗಳ ಮೇಲೆ ಇಡತಕ್ಕದ್ದು. ಎರಡನೆಯದಾಗಿ, ಬೆಳೆಯೆಲ್ಲವನ್ನೂ ಒಂದೇ ದಿನ ಒಬ್ಬನಿಗೇ ಮಾರದೆ, ಕೊಯ್ಲಿನ ಸಾಲ ತೀರುವಷ್ಟನ್ನು ಮೊದಲು ಮಾರಿ ಉಳಿದುದನ್ನು ಕಂತುಗಳಲ್ಲಿ ಮಾರುವುದು ಲೇಸು. ಮೂರನೆಯದಾಗಿ, ಹಡಗು ತಡವಾದರೆ ಹಣವು ಎಂದು ಸಲ್ಲಬೇಕು, ಏರಿದ ಬಾಡಿಗೆ ಯಾರ ಮೇಲೆ ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳತಕ್ಕದ್ದು. ನಾಲ್ಕನೆಯದಾಗಿ, ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಪೊಟ್ಯಾಷನ್ನು ಮಳೆಗಾಲಕ್ಕೆ ಮುಂಚೆ ಸಹಕಾರ ಸಂಘದ ಮೂಲಕ ತರಿಸಿಡುವುದೂ, ಕಾಫಿ ಸಿಪ್ಪೆಯನ್ನು ಚೆಲ್ಲದೆ ಕಾಂಪೋಸ್ಟ್ ಮಾಡುವುದೂ ಒಳ್ಳೆಯದು.

ಸಣ್ಣ ಹಿಡುವಳಿದಾರನು ಒಬ್ಬನೇ ಕರಾರಿನ ಮಾತನ್ನಾಡಿದರೆ ವ್ಯಾಪಾರಿಯು ಕಿವಿಗೊಡುವುದು ವಿರಳ. ಹತ್ತು ತೋಟಗಳ ಬೆಳೆಯು ಒಟ್ಟಾದರೆ ಒಂದು ಕಂಟೈನರು ತುಂಬಬಹುದು. ಆಗ ಮಾತಿಗೆ ತೂಕ ಬರುವುದು. ಇಂತಹ ಒಗ್ಗಟ್ಟಿಗೆ ಮುಂದಾಳುಗಳಾಗಿ, ಮುಂದಿನ ಕೊಯ್ಲಿಗೆ ಮೊದಲೇ ನೆರೆಹೊರೆಯವರನ್ನು ಸೇರಿಸಿ ಏರ್ಪಾಡು ಮಾಡುವುದು ಗ್ರಾಮದ ಹಿರಿಯರಿಗೆ ಸೇರಿದ ಕಾರ್ಯವಾಗಿರುತ್ತದೆ.