ಹೊಲ ಮಾಡಿದವರ ಹೆಸರು ಪಹಣಿಯಲ್ಲಿಲ್ಲ

ಯಾದಗಿರಿಯಲ್ಲಿ ಹೊಳೆ ಬರಲು ಇಲ್ಲೇ ಮಳೆಯಾಗಬೇಕೆಂದಿಲ್ಲ. ಮಹಾರಾಷ್ಟ್ರದ ಉಜನಿ ಜಲಾಶಯದ ಗೇಟು ಎತ್ತಿದರೆ ಭೀಮಾ ಉಕ್ಕುತ್ತದೆ. ಕೊಯ್ನಾ ಕಡೆಯ ನೀರು ಆಲಮಟ್ಟಿ ದಾಟಿ ನಾರಾಯಣಪುರದ ಬಸವಸಾಗರಕ್ಕೆ ಬಂದರೆ, ಸುರಪುರ, ಶಹಾಪುರ ಸೀಮೆಯ ದಂಡೆಯ ಹೊಲಗಳಿಗೆ ಕೃಷ್ಣೆ ನುಗ್ಗುತ್ತಾಳೆ.

2009ರ ಡಿಸೆಂಬರ್ 30ರಂದು ಯಾದಗಿರಿ, ಸುರಪುರ, ಶಹಾಪುರ ಈ ಮೂರೇ ತಾಲ್ಲೂಕುಗಳಿಂದ ಯಾದಗಿರಿ ಜಿಲ್ಲೆಯಾಯಿತು. ಗುರುಮಠಕಲ್, ಹುಣಸಗಿ, ವಡಗೇರಾ ತಾಲ್ಲೂಕುಗಳಾದದ್ದು ಆಮೇಲೆ. ನಾರಾಯಣಪುರ ಎಡದಂಡೆ ಕಾಲುವೆ ಹರಿಯುವ ಸುರಪುರ, ಶಹಾಪುರದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ. ಯಾದಗಿರಿ ಕಡೆ ಹೆಚ್ಚಾಗಿ ಮುಗಿಲು ನೋಡುವ ತೊಗರಿ, ಹೆಸರು.

ಪರಿಹಾರದ ಲೆಕ್ಕ ಈ ಭೇದದ ಮೇಲೆಯೇ ನಿಂತಿದೆ. ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ, 2025ರಲ್ಲಿದ್ದ ವಿಪತ್ತು ನಿಧಿಯ ನಿಯಮದಂತೆ ಹೆಕ್ಟೇರಿಗೆ ಒಣ ಬೇಸಾಯಕ್ಕೆ ₹8,500, ನೀರಾವರಿಗೆ ₹17,000. ಅದೂ ಎರಡು ಹೆಕ್ಟೇರಿನವರೆಗೆ. 2025ರ ಸೆಪ್ಟೆಂಬರಿನಲ್ಲಿ ಭೀಮಾ ತೀರ ಮುಳುಗಿದಾಗ, ವೈಮಾನಿಕ ಸಮೀಕ್ಷೆ ಮಾಡಿದ ಮುಖ್ಯಮಂತ್ರಿ ಸಿದ್ದರಾಮಯ್ಯ ರಾಜ್ಯದ ಪಾಲಾಗಿ ಹೆಕ್ಟೇರಿಗೆ ಇನ್ನೂ ₹8,500 ಸೇರಿಸುವುದಾಗಿ ಕಲಬುರಗಿಯಲ್ಲಿ ಘೋಷಿಸಿದರು. ಒಳ್ಳೆಯ ನಿರ್ಧಾರ. ಆದರೂ ಎಕರೆ, ಗುಂಟೆಯಲ್ಲಿ ಎಣಿಸುವ ರೈತರ ಲೆಕ್ಕಕ್ಕೆ ತಂದರೆ, ತೊಗರಿ ಹೊಲದ ಎಕರೆಗೆ ಸುಮಾರು ₹6,900. ಬೀಜ, ಗೊಬ್ಬರ, ಎಣ್ಣೆ ಹೊಡೆದ ಖರ್ಚು, ಕಳೆ ತೆಗೆದ ಕೂಲಿ ಎಲ್ಲಕ್ಕೂ ಇಷ್ಟೇ.

ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಜಂಟಿಯಾಗಿ ಸರ್ವೆ ಮಾಡುತ್ತಾರೆ. ವಿವರ ‘ಪರಿಹಾರ’ ತಂತ್ರಾಂಶ ಸೇರಿ, ಹಣ ಆಧಾರ್ ಜೋಡಿಸಿದ ಖಾತೆಗೆ ನೇರ ಬೀಳುತ್ತದೆ. ನಡುವೆ ಕೈಯೊಡ್ಡುವವರಿಗೆ ಇದರಿಂದ ಜಾಗ ಕಡಿಮೆಯಾಗಿದೆ, ಅದು ಸಣ್ಣ ಮಾತಲ್ಲ. ಆದರೆ ಆ ಖಾತೆ ಯಾರದು? ಪಹಣಿಯಲ್ಲಿ ಹೆಸರಿದ್ದವರದು. ತೀರಿಕೊಂಡ ಅಜ್ಜನ ಹೆಸರಲ್ಲೇ ಹೊಲ ಉಳಿದಿದ್ದರೆ, ಪೌತಿ ಖಾತೆಯಾಗುವವರೆಗೆ ಮೊಮ್ಮಕ್ಕಳು ಕಚೇರಿಗೆ ಅಲೆಯಬೇಕು. ಲೀಸಿಗೆ ಹೊಲ ಮಾಡುವವರ ಪಾಡು ಇನ್ನೂ ಕಷ್ಟ. 1974ರ ಭೂ ಸುಧಾರಣೆಯ ತಿದ್ದುಪಡಿ ಗೇಣಿಯನ್ನೇ ನಿಷೇಧಿಸಿತು. ಉಳುವವನಿಗೆ ಹೊಲ ಕೊಟ್ಟ ದೊಡ್ಡ ಕಾಯ್ದೆ ಅದು. ಗೇಣಿ ಮಾತ್ರ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಕಾಗದವಿಲ್ಲದ ಕರಾರಿಗೆ ಪರಿಹಾರವೂ ಇಲ್ಲ. ಹೊಳೆಗೆ ಬೆಳೆ ಕೊಟ್ಟವರು ಲೀಸಿನ ಹಣವನ್ನೂ ಕಟ್ಟಬೇಕು. ಪರಿಹಾರ ಮಾಲೀಕರ ಖಾತೆಗೆ. ಕೆಲವು ಮಾಲೀಕರು ಮನಸ್ಸು ಮಾಡಿ ಹಂಚಿಕೊಳ್ಳಬಹುದು. ಆದರೆ ಸರ್ಕಾರದ ನೆರವು ಇನ್ನೊಬ್ಬರ ಮನಸ್ಸಿನ ಮೇಲೆ ನಿಲ್ಲಬಾರದು. ಬೆಳೆ ಸಮೀಕ್ಷೆಯ ಆ್ಯಪ್ ಹೊಲಕ್ಕೇ ಬಂದು ಬೆಳೆಯ ಫೋಟೊ ತೆಗೆಯುತ್ತದೆ. ಅದನ್ನು ಬೆಳೆದವರು ಯಾರೆಂಬುದನ್ನೂ ಅಲ್ಲೇ ಬರೆದುಕೊಳ್ಳಲಿ.

ಹಣ ಯಾವಾಗ ಬರುತ್ತದೆ ಎಂಬುದೂ ಅಷ್ಟೇ ಮುಖ್ಯ. 2023ರ ಸೆಪ್ಟೆಂಬರಿನಲ್ಲಿ ಸರ್ಕಾರ ಬರ ಘೋಷಿಸಿತು. ರಾಜ್ಯ ಕೇಳಿದ್ದು ₹18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಕೇಂದ್ರ ಬಿಡುಗಡೆ ಮಾಡಿದ್ದು ₹3,454 ಕೋಟಿ. ಬರದ ವರ್ಷ ಈ ಸೀಮೆಯ ಕುಟುಂಬಗಳು ಅಷ್ಟು ದಿನ ಕಾಯುವುದಿಲ್ಲ; ಗಂಟುಮೂಟೆ ಕಟ್ಟಿ ಬೆಂಗಳೂರು, ಪುಣೆಗೆ ಗುಳೆ ಹೋಗುತ್ತವೆ.

ನೆರೆಯಲ್ಲಿ ಕಾಯಲು ಅಷ್ಟೂ ವೇಳೆಯಿಲ್ಲ. ನೀರಿಳಿದ ಎರೆಹೊಲಕ್ಕೆ ಹದ ಬರುವುದೂ, ಹಿಂಗಾರಿ ಜೋಳ, ಕಡಲೆ ಬಿತ್ತಬೇಕಾದದ್ದೂ ಕೆಲವೇ ವಾರಗಳೊಳಗೆ. ಬೀಜದ ರೊಕ್ಕ ಆಗಲೇ ಬೇಕು. ಪರಿಹಾರ ಬಾರದಿದ್ದರೆ ಅದು ಅಡತಿ ಅಂಗಡಿಯಿಂದ ಬಡ್ಡಿಗೆ ಬರುತ್ತದೆ.